ಸೀಗೆಬೋರೆಯ ಮರಗಳ ವಯಸ್ಸು

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸೀಗೆಬೋರೆಯಲ್ಲಿ ಮೊದಲ ಗುಂಡಿ ಅಗೆಯಲು ಶುರು ಮಾಡಿದರು. ಅಂದು 1978ರ ಜನವರಿ ಹದಿನಾರು, ಸೋಮವಾರ. ಸಂಕ್ರಾಂತಿ ಕಳೆದು ಎರಡು ದಿನವಾಗಿತ್ತು. ಗುಂಡಿಯ ಉದ್ದ ಒಂದೂವರೆ ಮೀಟರ್, ಅಗಲ ಒಂದು ಮೀಟರ್. ಆಳ ಎಷ್ಟೆಂಬುದನ್ನು ನೆಲವೇ ಹೇಳಬೇಕಿತ್ತು.

ಅಲ್ಲಿಯವರೆಗೆ ಈ ಸೀಮೆಯಲ್ಲಿ ಮಣ್ಣಿನ ಆಳ ತಿಳಿಯಲು ಯಾರೂ ನೆಲ ಅಗೆದಿರಲಿಲ್ಲ. ಬೋರಲಿಂಗಯ್ಯನನ್ನು ಕೇಳುತ್ತಿದ್ದರು.

ಬೋರಲಿಂಗಯ್ಯ ಕೈಲಾಂಚದವನು, ಫಾರೆಸ್ಟ್ ಗಾರ್ಡ್. ನಲವತ್ತೇಳು ವರ್ಷ ವಯಸ್ಸು, ಇಪ್ಪತ್ತೆರಡು ವರ್ಷದ ನೌಕರಿ. ರಾಮನಗರಕ್ಕೆ ಬಂದ ಒಬ್ಬೊಬ್ಬ ರೇಂಜರೂ ಮೊದಲ ವಾರದಲ್ಲೇ ಅವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಟ್ಟದ ತಪ್ಪಲು ಸುತ್ತಿ, ಇಲ್ಲಿ ಗಿಡ ನೆಟ್ಟರೆ ಹೇಗೆ ಎಂದು ಕೇಳುವುದು ರೂಢಿ. ಅವನು ಇಳಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಬಂದರೆ ಎಂಬ ಕುರುಚಲು ಗಿಡ ಒತ್ತಾಗಿದ್ದರೆ ತಲೆ ಅಲ್ಲಾಡಿಸುತ್ತಿದ್ದ. ಅಂಥ ಕಡೆ ಅಡಿಯಲ್ಲಿ ಬರೀ ಕಲ್ಲು. ಬಾದೆ ಹುಲ್ಲು ಸೊಂಟದವರೆಗೆ ಬಂದಿದ್ದರೆ ಹಿಮ್ಮಡಿಯಿಂದ ನೆಲ ಕೆದಕಿ, ಒಂದು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು, ಉಗಿದು, "ಎರಡು ಮೊಳ ಐತೆ, ನೆಡಿ ಸಾರ್" ಎನ್ನುತ್ತಿದ್ದ. ಅವನು ಹೇಳಿದಲ್ಲಿ ನೆಟ್ಟ ಗಿಡಗಳು ಬಹುಪಾಲು ಬದುಕಿದ್ದವು. ಬದುಕದಿದ್ದ ಕಡೆ ತಪ್ಪು ಮಳೆಯದು, ಇಲ್ಲವೇ ದನದ್ದು. ಹೀಗೆ ಐವರು ರೇಂಜರುಗಳು ಬಂದು ಹೋದರು. ಆರನೆಯವರು ಕೃಷ್ಣಪ್ಪ. ಅವರೂ ಮೊದಲ ವರ್ಷ ಅವನನ್ನೇ ಕೇಳಿದರು.

ಎರಡನೆಯ ವರ್ಷ ನೂರ್ಜಹಾನ್ ಬಂದಳು.

ಎದುರಿಗೆ ಬೋರಲಿಂಗಯ್ಯ ಅವಳನ್ನು ಮೇಡಮ್ಮೋರೆ ಎಂದೇ ಕರೆಯುತ್ತಿದ್ದ. ಮನಸ್ಸಿನಲ್ಲಿ ಮಾತ್ರ ಅವಳು ಬರೀ ಅವಳು. ವಯಸ್ಸು ಇಪ್ಪತ್ತಾರು. ಚನ್ನಪಟ್ಟಣದವಳು, ತಂದೆ ಆಲೆ ಮರದ ತುಂಡನ್ನು ತಿರುಗುವ ಪಟ್ಟಡೆಗೆ ಕೊಟ್ಟು ಬೊಂಬೆ ಕಡೆಯುವವರು. ಮಗಳು ಹೆಬ್ಬಾಳದಲ್ಲಿ ಕೃಷಿ ಓದಿ, ಮಣ್ಣಿನ ವಿಷಯದಲ್ಲೇ ಇನ್ನೆರಡು ವರ್ಷ ಓದಿ, ಬೆಂಗಳೂರಿನ ಸಂಶೋಧನಾ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿದ್ದಳು. ಒಂದು ನೆಲ ಎಷ್ಟು ಮರ ಬೆಳೆಸಬಲ್ಲದು ಎಂಬುದನ್ನು ನೆಡುವ ಮೊದಲೇ ಅಂದಾಜು ಮಾಡುವುದು ಅವಳಿಗೆ ಒಪ್ಪಿಸಿದ್ದ ಕೆಲಸ. ಅದಕ್ಕೆ ಎರಡು ದಾರಿ. ಒಂದು, ಮಣ್ಣಿನ ಆಳ, ಗರಸು, ಜಿಗುಟು, ಸಾರ ನೋಡಿ ಹೇಳುವುದು. ಇನ್ನೊಂದು, ಅದೇ ನೆಲದಲ್ಲಿ ಮೊದಲೇ ಬೆಳೆದು ನಿಂತ ಮರಗಳ ಎತ್ತರ ಅಳೆದು, ಇಷ್ಟು ವರ್ಷಕ್ಕೆ ಇಷ್ಟು ಎತ್ತರ ಎಂದು ಲೆಕ್ಕ ಹಾಕಿ, ನೆಲ ಯಾವ ದರ್ಜೆಯದೆಂದು ನಿರ್ಧರಿಸುವುದು. ಎರಡೂ ದಾರಿ ಒಂದೇ ಕಡೆ ಬಂದು ಸೇರಿದರೆ ಕೆಲಸ ಸರಿಯಾಗಿದೆ ಎಂದರ್ಥ.

ಸೀಗೆಬೋರೆ ಕೈಲಾಂಚದಿಂದ ಮೂರು ಮೈಲಿ. ಅರವತ್ತು ಎಕರೆ ಬಯಲು, ಅದರ ಅಂಚಿಗೆ ಐದು ಎಕರೆಯಲ್ಲಿ ಹಳೆಯ ನೀಲಗಿರಿ ತೋಪು. ಆ ವರ್ಷ ಹೊಸ ನೆಡುತೋಪಿಗೆ ಒಂದೇ ಜಾಗ ಮಂಜೂರಾಗಿತ್ತು: ಸೀಗೆಬೋರೆ, ಇಲ್ಲವೇ ಮಾಗಡಿ ಕಡೆಯ ಇನ್ನೊಂದು ಬ್ಲಾಕು. ಸೀಗೆಬೋರೆಯನ್ನು ಕೈಬಿಟ್ಟರೆ ಅದನ್ನು ಕಲ್ಲುಗಣಿಗೆ ಕೇಳಿದ ಅರ್ಜಿಯೊಂದು ಆಗಲೇ ಫೈಲಿನಲ್ಲಿ ಕೂತಿತ್ತು. ಅದು ಒಳ್ಳೆಯ ನೆಲ ಎಂದು ಬೋರಲಿಂಗಯ್ಯ ಹದಿಮೂರು ವರ್ಷದಿಂದ ಹೇಳುತ್ತ ಬಂದಿದ್ದ. ಅವನ ಬಾಯಿಂದ ಬಂದ ಮಾತುಗಳಲ್ಲೆಲ್ಲ ಅತ್ಯಂತ ಹಳೆಯದು ಅದು.

ಮೊದಲ ಗುಂಡಿಯ ಸುತ್ತ ಕೂಲಿಯವರು, ರೇಂಜರು, ಅವಳು. ಬೋರಲಿಂಗಯ್ಯ ಒಂದು ಹೆಜ್ಜೆ ಹಿಂದೆ ನಿಂತು, ಪಕ್ಕದ ಕೂಲಿಗೆ ಕೇಳಿಸುವಷ್ಟು ಮೆಲ್ಲಗೆ, "ಎರಡು ಮೊಳದ ಮೇಲೆ ಒಂದು ಗೇಣು" ಎಂದ. ಮಣ್ಣು ಮುಗಿದು ಗರಸು ಸಿಕ್ಕಾಗ ರೇಂಜರ್ ಕೃಷ್ಣಪ್ಪ ಗುಂಡಿಯ ಅಂಚಿಗೆ ಬಗ್ಗಿ, "ಎಷ್ಟಿದೆಯಮ್ಮಾ ಆಳ?" ಎಂದು ಕೇಳಿದರು. ಕೇಳಿದ್ದು ಅವಳನ್ನು. ಟೇಪು ಅವಳ ಕೈಯಲ್ಲಿತ್ತು, ನಿಜ. ಆದರೂ ಹದಿಮೂರು ವರ್ಷದಲ್ಲಿ ಆ ಪ್ರಶ್ನೆ ಅವನ ಮುಂದೆಯೇ ಇನ್ನೊಬ್ಬರ ಕಡೆ ಹೋದದ್ದು ಅದೇ ಮೊದಲು. ನೂರಹತ್ತು ಸೆಂಟಿಮೀಟರ್ ಎಂದು ಅವಳು ಹೇಳಿದಳು. ಎರಡು ಮೊಳದ ಮೇಲೆ ಒಂದು ಗೇಣು ಎಂದರೂ ಅಷ್ಟೇ. ಆ ಮಾತನ್ನು ಯಾರೂ ಎತ್ತಲಿಲ್ಲ. ಅವಳು ಚಿಕ್ಕ ಪುಸ್ತಕ ತೆರೆದು ಏನೋ ಬರೆದುಕೊಂಡಳು.

ಅಂದು ಸಂಜೆ ಜೀಪಿನ ಮುಂದಿನ ಸೀಟಿನಲ್ಲಿ ಅವಳು ಕೂತಳು. ಮಣ್ಣಿನ ಚೀಲಗಳ ಜೊತೆ ಹಿಂದೆ ಬೋರಲಿಂಗಯ್ಯ. ದಾರಿಯುದ್ದಕ್ಕೂ ರೇಂಜರು ಅವಳ ಹತ್ತಿರ ಮಣ್ಣಿನ ವಿಷಯವೇ ಕೇಳುತ್ತಿದ್ದರು. ಜೀಪಿನ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಕೇಳಿಸುತ್ತಿರಲಿಲ್ಲ. ಕೇಳಿಸದ ಅರ್ಧ ಹೆಚ್ಚು ಉರಿಸಿತು.

ಮೂರನೆಯ ದಿನ ತೋಪಿನ ಮರಗಳನ್ನು ಅಳೆಯುವ ಕೆಲಸ. ಮರದ ಸುತ್ತಳತೆಯನ್ನು ಎಲ್ಲೆಂದರಲ್ಲಿ ಅಳೆಯುವಂತಿಲ್ಲ. ಎದೆಯ ಎತ್ತರದಲ್ಲೇ ಅಳೆಯಬೇಕು. ಇಲಾಖೆಯ ಲೆಕ್ಕದಲ್ಲಿ ಅದು ಒಂದು ಮೀಟರ್ ಮೂವತ್ತೇಳು ಸೆಂಟಿಮೀಟರ್. ಬೋರಲಿಂಗಯ್ಯನಿಗೆ ಕೋಲು ಬೇಕಿರಲಿಲ್ಲ. ಅವನ ಖಾಕಿ ಅಂಗಿಯ ಎರಡನೆಯ ಗುಂಡಿ ಸರಿಯಾಗಿ ಆ ಎತ್ತರಕ್ಕೆ ಬರುತ್ತಿತ್ತು. ಮರಕ್ಕೆ ಎದೆ ಕೊಟ್ಟು ನಿಂತು, ಗುಂಡಿ ತಾಗಿದ ಕಡೆ ಸುಣ್ಣದ ಗುರುತು ಹಾಕುವುದು ಅವನ ಕ್ರಮ. ಹೊಸದಾಗಿ ಸೇರಿದ ಗಾರ್ಡುಗಳಿಗೆ ಅವನೇ ಅದನ್ನು ಹೇಳಿಕೊಟ್ಟಿದ್ದ. ಮೂರು ಮರಕ್ಕೆ ಗುರುತು ಹಾಕಿದ ಮೇಲೆ ಅವಳು ಟೇಪು ಇಳಿಬಿಟ್ಟು ನೋಡಿದಳು. ಒಂದು ಮೀಟರ್ ಮೂವತ್ಮೂರು.

"ಗುಂಡಿ ಹೊಲಿಯೋವಾಗ ಕೆಳಗೆ ಹೊಲಿದಿರಬೇಕು ಬೋರಲಿಂಗಯ್ಯನೋರೆ."

"ಗುಂಡಿ ಇದ್ದಲ್ಲೇ ಐತೆ."

"ಹಂಗಾದ್ರೆ ನೀವೇ ಒಸಿ ಬಗ್ಗಿದೀರಿ," ಎಂದಳು ಅವಳು. ಅಣಕದ ದನಿಯಲ್ಲ, ಅಳತೆ ಹೇಳುವ ದನಿ. ಕೂಲಿಯವರು ನಕ್ಕರು. ಕೆಳಗೆ ಅಳೆದರೆ ಸುತ್ತಳತೆ ಹೆಚ್ಚು ಬರುತ್ತದೆ. ಅಂದರೆ ಬೋರಲಿಂಗಯ್ಯನ ಬೆನ್ನು ಬಗ್ಗುತ್ತ ಬಂದ ಹಾಗೆಲ್ಲ ಅವನ ಮರಗಳು ಕಾಗದದ ಮೇಲೆ ಇದ್ದದ್ದಕ್ಕಿಂತ ಒಂದೊಂದು ನೂಲು ದಪ್ಪವಾಗುತ್ತ ಬಂದಿದ್ದವು. ಮರುದಿನದಿಂದ ಒಂದು ಬಿದಿರಿನ ಕೋಲಿಗೆ ಗೆರೆ ಕೊರೆದು ಎಲ್ಲರೂ ಅದನ್ನೇ ಬಳಸಿದರು. ಕೋಲು ಹಿಡಿಯುವ ಕೆಲಸ ಬೋರಲಿಂಗಯ್ಯನಿಗೇ ಬಂತು.

ಸುದ್ದಿ ಅವನಿಗಿಂತ ಮೊದಲು ಕೈಲಾಂಚ ತಲುಪಿತು. ಬಸ್ ನಿಲ್ದಾಣದ ಪಕ್ಕ ಟೀ ಅಂಗಡಿ ಇಟ್ಟಿದ್ದ ಚಿಕ್ಕಹನುಮಯ್ಯ ಅವನ ಜೊತೆ ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಲೋಟ ಮುಂದಿಡುತ್ತ ವಿಚಾರಿಸಿಕೊಂಡ.

"ಏನ್ಲಾ ಬೋರ, ಮಣ್ಣು ತಿನ್ನೋ ಕೆಲ್ಸಾನೂ ಹೋಯ್ತಂತೆ? ಇನ್ಮೇಲೆ ಹೊಟ್ಟೆಗೇನ್ ಮಾಡೀಯೆ?"

"ಅವ್ಳು ಒಂದಿನ ಅಗ್ದು ಹೇಳೋದ ನಾನು ಒಂದ್ ಚಿಟ್ಕೇಲಿ ಹೇಳ್ತೀನಿ ಕಣ್ಲಾ."

"ಹೇಳು, ಹೇಳು. ಕೇಳೋರು ಯಾರವ್ರೆ?"

ಬೋರಲಿಂಗಯ್ಯ ಟೀ ಬಿಟ್ಟು ಎದ್ದ.

ಅವಳ ತಪ್ಪು ಹಿಡಿಯಬೇಕು ಎಂಬುದು ಅವತ್ತಿನಿಂದ ಅವನಿಗೆ ಕೆಲಸಕ್ಕಿಂತ ದೊಡ್ಡ ಕೆಲಸವಾಯಿತು. ಕೂಲಿಯವರು ಊಟಕ್ಕೆ ಕೂತಾಗ ಅವನು ಗುಂಡಿಗೆ ಇಳಿದು ಅವಳು ಬರೆದ ಆಳವನ್ನು ಗೇಣಿನಲ್ಲಿ ಅಳೆಯುತ್ತಿದ್ದ. ಚೀಲದ ಮೇಲಿನ ಚೀಟಿಗೂ ಗುಂಡಿಯ ನಂಬರಿಗೂ ತಾಳೆ ನೋಡುತ್ತಿದ್ದ. ಮಣ್ಣನ್ನು ನೀರಲ್ಲಿ ಕಲಸಿ ಬೆರಳ ನಡುವೆ ಪಟ್ಟಿಯಂತೆ ಎಳೆಯುವ ಅವಳ ಪರೀಕ್ಷೆಯನ್ನು ತಾನೂ ಒಮ್ಮೆ ಮರೆಯಲ್ಲಿ ಮಾಡಿ ನೋಡಿದ. ಪಟ್ಟಿ ಅವಳು ಹೇಳಿದಷ್ಟೇ ಉದ್ದ ಬಂತು. ಒಟ್ಟು ಹನ್ನೊಂದು ಗುಂಡಿ. ಒಂದರಲ್ಲೂ ತಪ್ಪು ಸಿಗಲಿಲ್ಲ. ಎಂಟರಲ್ಲಿ ಗರಸು ಸಿಕ್ಕಿದ್ದು ಎರಡು ಮೊಳದ ಕೆಳಗೆ. ಮಣ್ಣು ಕೆಂಪು, ಜಿಗುಟು ಹದವಾಗಿತ್ತು. ನೆಲ ಎರಡನೇ ದರ್ಜೆಗೆ ಕಡಿಮೆಯಿಲ್ಲ ಎಂದು ಅವಳು ರೇಂಜರಿಗೆ ಹೇಳಿದ್ದನ್ನು ಅವನು ಕೇಳಿದ. ಹದಿಮೂರು ವರ್ಷದಿಂದ ತಾನು ಹೇಳುತ್ತ ಬಂದದ್ದೂ ಅದೇ. ಆದರೆ ರೇಂಜರು ತಲೆದೂಗಿದ್ದು ಹೊಸ ಸುದ್ದಿ ಕೇಳಿದವರ ಹಾಗೆ. ತನ್ನ ಮಾತು ನಿಜವಾಯಿತೆಂದು ಹಿಗ್ಗಬೇಕಾದವನು ಬಿದಿರಿನ ಕೋಲು ಹೆಗಲಿಗೇರಿಸಿ ತೋಪಿನ ಕಡೆ ನಡೆದುಬಿಟ್ಟ.

ತೊಡಕು ಶುರುವಾದದ್ದು ಮರಗಳ ಎತ್ತರದಿಂದ. ತೋಪಿನ ಅತಿ ದಪ್ಪ ಮರಗಳನ್ನು ಆರಿಸಿ, ಹದಿನೈದು ಮೀಟರ್ ದೂರ ನಿಂತು, ಕಣ್ಣಿಗೆ ಹಿಡಿಯುವ ಯಂತ್ರದಿಂದ ಅವಳು ತುದಿ ನೋಡಿ ಬುಡ ನೋಡಿ ಅಳೆದಳು. ಸರಾಸರಿ ಹದಿಮೂರೂವರೆ ಮೀಟರ್. ತೋಪು ನೆಟ್ಟದ್ದು 1965ರ ಜುಲೈ ಎಂದು ರಿಜಿಸ್ಟರಿನಲ್ಲಿತ್ತು. ಹನ್ನೆರಡೂವರೆ ವರ್ಷಕ್ಕೆ ಹದಿಮೂರೂವರೆ ಮೀಟರ್ ಎಂದರೆ ವಯಸ್ಸಿಗೂ ಎತ್ತರಕ್ಕೂ ತಾಳೆ ನೋಡುವ ನಕ್ಷೆಯಲ್ಲಿ ಚುಕ್ಕೆ ಮೂರನೇ ದರ್ಜೆಯ ಗೆರೆಗೆ ಬಿತ್ತು. ಮಣ್ಣು ಎರಡನೇ ದರ್ಜೆ, ಮರ ಮೂರನೇ ದರ್ಜೆ. ಮೂರನೇ ದರ್ಜೆಯ ನೆಲದಲ್ಲಿ ಇಲಾಖೆ ಗಿಡ ನೆಡುವುದಿಲ್ಲ.

ಅವಳು ಎಲ್ಲ ಮರಗಳನ್ನೂ ಇನ್ನೊಂದು ಸಲ ಅಳೆದಳು. ಹದಿಮೂರೂವರೆಯೇ. ತೋಪಿನ ಅಂಚಿನಲ್ಲಿ ಕೋಲು ಹಿಡಿದು ನಿಂತಿದ್ದ ಬೋರಲಿಂಗಯ್ಯನ ಹತ್ತಿರ ಬಂದು, ಈ ತೋಪು ಅರವತ್ತೈದರಲ್ಲೇ ನೆಟ್ಟದ್ದು ತಾನೇ ಎಂದು ಕೇಳಿದಳು.

"ರಿಜಿಸ್ಟರ್‌ನಾಗೆ ಏನೈತೋ ಅದೇ," ಎಂದ ಬೋರಲಿಂಗಯ್ಯ.

ರಿಜಿಸ್ಟರಿನಲ್ಲಿ ಇದ್ದದ್ದು ಅವನ ದಿನಚರಿಯಿಂದಲೇ ಹೋದ ಲೆಕ್ಕ. ಅದು ಸುಳ್ಳು ಎಂದು ಬಲ್ಲವರು ಈಗ ಇಬ್ಬರೇ, ಅವನು ಮತ್ತು ಅವನ ಹೆಂಡತಿ ಶಿವಲಿಂಗಮ್ಮ.

ನಡೆದದ್ದು ಹೀಗೆ. ಅರವತ್ತೈದರ ಜುಲೈನಲ್ಲಿ ಅಲ್ಲಿ ಐದು ಸಾವಿರ ಸಸಿ ನೆಟ್ಟದ್ದು ನಿಜ. ಆ ಜಾಗ ತೋರಿಸಿದವನು ಬೋರಲಿಂಗಯ್ಯನೇ. ನೌಕರಿಗೆ ಸೇರಿದ ಮೇಲೆ ಅವನು ಆರಿಸಿದ ಮೊದಲ ನೆಲ ಅದು. ಆ ವರ್ಷ ಮಳೆ ಕೈಕೊಟ್ಟಿತು, ಮರುವರ್ಷದ ಬೇಸಗೆ ಮಳೆಯೂ ಅಷ್ಟೇ. ಅರವತ್ತಾರರ ಬೇಸಗೆ ಮುಗಿಯುವಷ್ಟರಲ್ಲಿ ಹತ್ತರಲ್ಲಿ ಒಂದು ಸಸಿಯೂ ಉಳಿಯಲಿಲ್ಲ. ಮೊದಲ ಸಲ ಆರಿಸಿದ ನೆಲದಲ್ಲೇ ಎಲ್ಲ ಸತ್ತವು ಎಂದು ಬರೆಯಲು ಅವನ ಕೈ ಬರಲಿಲ್ಲ. ಬದುಕುಳಿದದ್ದು ಶೇಕಡ ಎಂಬತ್ತೆಂಟು ಎಂದು ಬರೆದ. ಮುಂದಿನ ವರ್ಷ ಎಂಬತ್ತಾರು ಎಂದು ಬರೆದ. ಎತ್ತರದ ನೆಲ, ಬಿಸಿಲು. ಅಷ್ಟು ದೂರ ನೋಡಲು ಯಾವ ಮೇಲಧಿಕಾರಿಯೂ ಬರಲಿಲ್ಲ. ಅರವತ್ತೆಂಟರ ಜುಲೈನಲ್ಲಿ ಪಕ್ಕದ ಬ್ಲಾಕಿನ ನಾಟಿಗೆ ರಾಮನಗರದ ನರ್ಸರಿಯಿಂದ ಸಸಿ ಬಂದಾಗ, ಅಂದಿನ ಫಾರೆಸ್ಟರ್ ಹುಚ್ಚಯ್ಯನ ಕಾಲು ಹಿಡಿದು ಐದು ಸಾವಿರ ಹೆಚ್ಚಿಗೆ ತರಿಸಿಕೊಂಡ. ಹಳೆಯ ಗುಂಡಿಗಳು ಹಾಗೇ ಇದ್ದವು. ಅವನು, ಏಳು ತಿಂಗಳ ಬಸುರಿ ಶಿವಲಿಂಗಮ್ಮ, ನಾಲ್ಕು ಜನ ಕೂಲಿಗಳು ಹತ್ತು ದಿನ ನೆಟ್ಟರು. ಹುಚ್ಚಯ್ಯ ತೀರಿಕೊಂಡು ಆರು ವರ್ಷವಾಗಿತ್ತು. ಕೂಲಿಗಳು ಕನಕಪುರದ ಆಚೆ ಊರಿನವರು, ಮತ್ತೆ ಈ ಕಡೆ ಬಂದಿರಲಿಲ್ಲ.

ಅಂದರೆ ತೋಪಿನ ವಯಸ್ಸು ಹನ್ನೆರಡೂವರೆ ಅಲ್ಲ, ಒಂಬತ್ತೂವರೆ. ಒಂಬತ್ತೂವರೆ ವರ್ಷಕ್ಕೆ ಹದಿಮೂರೂವರೆ ಮೀಟರ್ ಬೆಳೆದ ಮರ ನಿಂತ ನೆಲ ಕೆಟ್ಟದ್ದಲ್ಲ. ಬೋರಲಿಂಗಯ್ಯನಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಆದರೆ ಮೂರು ವರ್ಷ ಕಳೆದರೆ ಏನಾಗುತ್ತದೆಂದು ತಿಳಿಯಲು ನಕ್ಷೆ ಬೇಕಿರಲಿಲ್ಲ. ಒಂದು ಮಾತು ಹೇಳಿದರೆ ಸೀಗೆಬೋರೆ ಉಳಿಯುತ್ತಿತ್ತು. ಅದೇ ಮಾತಿನಿಂದ ಅವಳ ಹನ್ನೊಂದು ಗುಂಡಿಗಳೂ ಸರಿ ಎಂದಾಗುತ್ತಿತ್ತು. ನೆಲವನ್ನು ಉಳಿಸಿ ಅವಳನ್ನು ಬಿಡುವ ಉಪಾಯ ಯಾವುದೂ ಇರಲಿಲ್ಲ.

ಅವಳು ಮಾತ್ರ ರಿಜಿಸ್ಟರನ್ನು ಸಂಶಯಪಡಲಿಲ್ಲ, ತನ್ನ ಗುಂಡಿಗಳನ್ನೇ ಸಂಶಯಪಟ್ಟಳು. ಫೆಬ್ರವರಿಯಿಡೀ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು, ತಿರುಪಿನ ಸಲಾಕೆಯಿಂದ ಹೊಸ ಹೊಸ ಕಡೆ ಮಣ್ಣು ತೆಗೆದು ಚೀಲ ತುಂಬಿಕೊಂಡು ಹೋದಳು. ಮುಖ ಇಳಿದಿತ್ತು. ಬೋರಲಿಂಗಯ್ಯ ಕೋಲು ಹಿಡಿದು ಅವಳ ಹಿಂದೆ ನಡೆಯುತ್ತಿದ್ದ. ಆ ತಿಂಗಳು ಅವನಿಗೆ ಊಟ ರುಚಿಸಿತು.

ಒಂದು ಮಧ್ಯಾಹ್ನ ಬಸ್ಸು ತಪ್ಪಿ, ಶಿವಲಿಂಗಮ್ಮ ಕರೆದಳೆಂದು ಅವಳು ಬೋರಲಿಂಗಯ್ಯನ ಮನೆಗೆ ಬಂದಳು. ಜಗಲಿಯ ಮೇಲೆ ಚಾಪೆ ಹಾಕಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಅವಳು ಮುದ್ದೆ ಮುರಿಯುವ ರೀತಿ ನೋಡಿಯೇ ಶಿವಲಿಂಗಮ್ಮನಿಗೆ ಹಿಡಿಸಿಹೋದಳು. ಅವಳ ತಂದೆ ಕೆಮ್ಮಿನಿಂದ ಪಟ್ಟಡೆಗೆ ಕೂರುವುದು ಬಿಟ್ಟಿದ್ದು, ಅವಳ ಕೆಲಸ ಎರಡು ವರ್ಷದ ಕರಾರಿನದು, ಮಾರ್ಚಿಯ ವರದಿ ಸರಿ ಬಂದರೆ ಮಾತ್ರ ಮುಂದುವರಿಯುವುದು, ಇದನ್ನೆಲ್ಲ ಬೋರಲಿಂಗಯ್ಯ ಎರಡು ತಿಂಗಳಲ್ಲಿ ಕೇಳಿ ತಿಳಿದಿರಲಿಲ್ಲ. ಶಿವಲಿಂಗಮ್ಮ ಒಂದು ಊಟದಲ್ಲಿ ತಿಳಿದಳು. ತನ್ನ ಮನೆಯ ಜಗಲಿಯಲ್ಲೂ ಮಾತು ತನ್ನನ್ನು ಬಿಟ್ಟು ಅವಳ ಕಡೆ ಹರಿಯುವುದನ್ನು ನೋಡುತ್ತ ಅವನು ತುತ್ತು ನುಂಗಿದ.

"ಆ ತೋಪಿನ ಚಿಂತೆಯೇನವ್ವ ನಿಂಗೆ?" ಎಂದಳು ಶಿವಲಿಂಗಮ್ಮ. "ನಮ್ ನಾಗಿ ಹೊಟ್ಟೇಲಿದ್ಲು ಕಣವ್ವ, ಆಗ ಬುಟ್ಟಿ ಹೊತ್ಕಂಡು ನಾನೂವೆ..."

"ಮಜ್ಜಿಗೆ ತಾ," ಎಂದ ಬೋರಲಿಂಗಯ್ಯ.

"ಮುಂದೇನೆ ಐತಲ್ಲ."

"ಉಪ್ಪು ತಾ ಹಂಗಾದ್ರೆ."

ಅವನ ದನಿಗೆ ಶಿವಲಿಂಗಮ್ಮ ಎದ್ದು ಒಳಗೆ ಹೋದಳು. ನೂರ್ಜಹಾನ್ ತಟ್ಟೆ ನೋಡುತ್ತ ಕೂತಿದ್ದಳು. ಅವಳ ಮನಸ್ಸು ಪ್ರಯೋಗಾಲಯದ ಯಾವ ಸೀಸೆಯಲ್ಲಿತ್ತೋ, ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಅವಳನ್ನು ನಾಲ್ಕು ಗಂಟೆಯ ಬಸ್ಸಿಗೆ ಹತ್ತಿಸಿ ಬಂದ ಶಿವಲಿಂಗಮ್ಮ ಕೇಳಿದಳು, ಬಾಯಿ ಯಾಕೆ ಮುಚ್ಚಿಸಿದಿರಿ ಎಂದು. ನೌಕರಿಗೆ ಕುತ್ತು ಬರುತ್ತದೆ ಎಂದ.

"ನೌಕರಿ ಅಲ್ಲ, ಹೊಟ್ಟೆಕಿಚ್ಚು," ಎಂದಳು ಅವಳು. "ನೆಲ ಒಳ್ಳೇದು ಅಂತ ಆ ಹೆಣ್ಮಗ್ಳೂ ಹೇಳ್ತಾವ್ಳೆ, ನೀವೂ ಹೇಳ್ತೀರಿ. ಇಬ್ರೂ ಒಂದೇ ಮಾತು ಹೇಳೋವಾಗ ನಿಮ್ಗೇನು ಸಂಕ್ಟ?"

ಬೋರಲಿಂಗಯ್ಯ ಜಗಲಿಯ ಚಾಪೆ ಸುತ್ತಿ ಗೋಡೆಗೆ ಒರಗಿಸಿದ. ಸಂಕಟ ಅದೇ ಆಗಿತ್ತು.

ಮಾರ್ಚಿ ಒಂಬತ್ತು, ಗುರುವಾರ, ಬೆಳಗ್ಗೆ ಹತ್ತೂವರೆಗೆ ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಸೀಗೆಬೋರೆಗೆ ಬಂದರು. ರೇಂಜರ್ ಕೃಷ್ಣಪ್ಪ ನಕ್ಷೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟರು. ಅಧಿಕಾರಿ ಹದಿನೈದು ನಿಮಿಷ ನೋಡಿದರು, ತೋಪಿನೊಳಗೆ ಒಂದು ಸುತ್ತು ಹೋಗಿ ಬಂದರು. ಮರ ಸುಳ್ಳು ಹೇಳುವುದಿಲ್ಲ ಎಂದರು. ಹನ್ನೆರಡು ವರ್ಷದಲ್ಲಿ ನೆಲ ಇಷ್ಟೇ ಬೆಳೆಸಿದೆ ಎಂದ ಮೇಲೆ ಮಣ್ಣಿನ ವರದಿಯಲ್ಲೇ ಎಲ್ಲೋ ತಪ್ಪಿದೆ. ಮಾಗಡಿ ಕಡೆಯ ಬ್ಲಾಕನ್ನೇ ತೆಗೆದುಕೊಳ್ಳೋಣ. ಮಣ್ಣಿನ ಕೆಲಸವನ್ನು ಇನ್ನೊಬ್ಬರಿಂದ ಮೊದಲಿನಿಂದ ಮಾಡಿಸೋಣ ಎಂದರು. ಗದರಲಿಲ್ಲ. ಗದರಿದ್ದರೆ ಅವಳಿಗೆ ಒಂದು ಉತ್ತರವಾದರೂ ಸಿಗುತ್ತಿತ್ತು.

ಜೀಪಿನ ಹಿಂಬದಿ ಬಿದಿರಿನ ಕೋಲು ಹಿಡಿದು ನಿಂತಿದ್ದ ಬೋರಲಿಂಗಯ್ಯ ಎರಡು ತಿಂಗಳಿಂದ ಕಾದದ್ದು ಈ ಗಳಿಗೆಗೇ. ಮಣ್ಣನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳುವ ಹಾಗೆ ಅದನ್ನು ಅರ್ಧ ನಿಮಿಷ ಇಟ್ಟುಕೊಂಡ. ಸಿಹಿಯಾಗಿಯೇ ಇತ್ತು.

ಆಗ ನೂರ್ಜಹಾನ್ ತನ್ನ ಚಿಕ್ಕ ಪುಸ್ತಕ ತೆರೆದಳು.

"ಸಾರ್, ನನ್ನ ಗುಂಡಿ ತಪ್ಪಿದ್ರೆ ತಪ್ಪಿರಬಹುದು. ಆದ್ರೆ ಇದನ್ನೊಂದು ಕೇಳಿ," ಎಂದಳು. ಹನ್ನೊಂದು ಗುಂಡಿ ಅಗೆಯುವ ಮೊದಲೂ ಬೋರಲಿಂಗಯ್ಯ ಕೂಲಿಯವರ ಹತ್ತಿರ ಒಂದೊಂದು ಆಳ ಹೇಳುತ್ತಿದ್ದದ್ದನ್ನು ಅವಳು ಬರೆದಿಟ್ಟುಕೊಂಡಿದ್ದಳು. ಒಂದು ಕಡೆ ಅವನ ಮೊಳ, ಗೇಣು. ಎದುರಿಗೆ ಅವಳ ಸೆಂಟಿಮೀಟರ್. ಒಂದೊಂದೇ ಓದಿದಳು. ಹನ್ನೊಂದರಲ್ಲಿ ಒಂಬತ್ತು, ಒಂದು ಗೇಣಿನೊಳಗೆ ಕೂಡಿ ಬಂದಿದ್ದವು. "ಇವರು ಹುಲ್ಲು ನೋಡಿ ಹೇಳಿದ್ದು, ನಾನು ಅಗೆದು ಹೇಳಿದ್ದು. ಇಬ್ಬರೂ ಒಂದೇ ತಪ್ಪು ಮಾಡೋಕೆ ಆಗಲ್ಲ ಸಾರ್. ಮರ ಯಾಕೆ ಬೆಳೆದಿಲ್ಲ ಅಂತ ನನಗೆ ಗೊತ್ತಿಲ್ಲ. ಆದ್ರೆ ಈ ನೆಲ ಕೆಟ್ಟದ್ದಲ್ಲ."

ಅಧಿಕಾರಿ ತಿರುಗಿ ಬೋರಲಿಂಗಯ್ಯನನ್ನು ನೋಡಿದರು. ಕೃಷ್ಣಪ್ಪನೂ ನೋಡಿದರು. ಎಷ್ಟೋ ದಿನದ ಮೇಲೆ ಅವನ ಕಡೆ ನೋಡಿದ್ದು.

ಬೋರಲಿಂಗಯ್ಯನಿಗೆ ಕೃತಜ್ಞತೆ ಹುಟ್ಟಲಿಲ್ಲ. ತನ್ನ ಅಂಗಿಯನ್ನು ಇನ್ನೊಬ್ಬರು ತೊಟ್ಟು, ಗುಂಡಿ ಹಾಕಿಕೊಂಡು, ತನ್ನೆದುರೇ ನಿಂತ ಹಾಗಾಯಿತು. ಹದಿಮೂರು ವರ್ಷ ಅವನು ಕಾದ ನೆಲ. ಅದು ಕೆಡುವ ಹೊತ್ತಿನಲ್ಲಿ ಅದರ ಪರವಾಗಿ ನಾಲ್ಕು ಮಾತು ಆಡಿದವಳು ಅವಳು, ಬಾಯಿ ಮುಚ್ಚಿ ನಿಂತವನು ಅವನು. ನಾಳೆ ಆ ನೆಲವನ್ನು ಗಣಿಗೆ ಕೊಟ್ಟರೂ ಅದು ಒಳ್ಳೆಯದೆಂದು ಕೊನೆಗೆ ಹೇಳಿದ್ದು ಚನ್ನಪಟ್ಟಣದ ಆ ಹುಡುಗಿ ಎಂದಾಗುತ್ತದೆ. ಅವಳು ಗೆದ್ದರೆ ಸಹಿಸಬಹುದಿತ್ತೋ ಏನೋ. ಸೀಗೆಬೋರೆಯ ಮೇಲೆ ತನಗಿಂತ ಅವಳಿಗೆ ಹೆಚ್ಚು ಹಕ್ಕು ಎಂದಾಗುವುದನ್ನು ಅವನಿಗೆ ಸಹಿಸಲಾಗಲಿಲ್ಲ.

"ಸಾರ್," ಎಂದ. "ಅದು ಅರ್ವತ್ತೈದರ ಗಿಡ ಅಲ್ಲ."

ಬೋರಲಿಂಗಯ್ಯ ಕೈಯಲ್ಲಿದ್ದ ಕೋಲನ್ನು ಜೀಪಿಗೆ ಒರಗಿಸಿದ.

"ಅರ್ವತ್ತೈದರವು ಒಣ್ಗೋದ್ವು. ಅರ್ವತ್ತೆಂಟರಾಗೆ ಮತ್ತೆ ನೆಟ್ವಿ."

"ಯಾರು ನೆಟ್ಟಿದ್ದು?" ಎಂದರು ಅಧಿಕಾರಿ.

"ನಾನೆಯ. ನನ್ನ ಹೆಂಡ್ರೂ ಇದ್ಲು."

"ದಿನಚರಿಯಲ್ಲಿ ಬರೆದಿದ್ದೀಯಾ?"

"ಇಲ್ಲ ಸಾರ್. ಎಂಬತ್ತೆಂಟು ಪರ್ಸೆಂಟ್ ಬದುಕೈತೆ ಅಂತ ಬರ್ದಿದ್ದೆ."

ಪುರಾವೆ ಏನು ಎಂದು ಕೇಳಿದರು. ಮಗಳು ನಾಗಲಕ್ಷ್ಮಿ ಅದೇ ವರ್ಷ ಮಳೆಗಾಲ ಮುಗಿಯುವಾಗ ಹುಟ್ಟಿದವಳು, ಶಾಲೆಯ ದಾಖಲೆ ನೋಡಬಹುದು ಎಂದ. ಹೇಳಿದ ಮೇಲೆ ನೆನಪಾಯಿತು: ಹೆಡ್ ಮೇಷ್ಟ್ರು ಊರಿನ ಎಲ್ಲ ಮಕ್ಕಳಿಗೂ ಬರೆದ ಹಾಗೆ ಅವಳಿಗೂ ಹುಟ್ಟಿದ ದಿನ ಜೂನ್ ಒಂದು ಎಂದೇ ಬರೆದಿದ್ದರು, ಒಂದು ವರ್ಷ ಹಿಂದಕ್ಕೆ ಹಾಕಿ. ಅದೂ ಸಾಕ್ಷಿಗೆ ಬರುವಂತಿರಲಿಲ್ಲ. ದಾರಿ ತೋರಿಸಿದವಳು ನೂರ್ಜಹಾನ್. ನರ್ಸರಿಯಿಂದ ಸಸಿ ಹೊರಟದ್ದಕ್ಕೆ ಲೆಕ್ಕ ಇದ್ದೇ ಇರುತ್ತದೆ ಎಂದಳು. ಅಂದು ಮಧ್ಯಾಹ್ನ ಎರಡೂವರೆಗೆ ರಾಮನಗರದ ನರ್ಸರಿಯ ಬೀರುವಿನಲ್ಲಿ ಹಳೆಯ ಪುಸ್ತಕ ಸಿಕ್ಕಿತು. 1968ರ ಜುಲೈನಲ್ಲಿ ಪಕ್ಕದ ಬ್ಲಾಕಿನಲ್ಲಿ ತೋಡಿದ್ದ ಗುಂಡಿ ಹನ್ನೆರಡು ಸಾವಿರ. ಅದಕ್ಕೆಂದು ಹೊರಟ ಸಸಿ ಹದಿನೇಳು ಸಾವಿರ. ಹುಚ್ಚಯ್ಯನ ಸಹಿ ಇತ್ತು.

ಅವಳು ಅಲ್ಲೇ ಮೇಜಿನ ಮೇಲೆ ನಕ್ಷೆ ಬಿಡಿಸಿ, ಚುಕ್ಕೆಯನ್ನು ಅಳಿಸಿ, ಮೂರು ವರ್ಷ ಎಡಕ್ಕೆ ಸರಿಸಿ ಹಾಕಿದಳು. ಅದು ಎರಡನೇ ದರ್ಜೆಯ ಗೆರೆಗೆ ತಾಗಿ ಕೂತಿತು. ಅಧಿಕಾರಿ ಒಂದು ಸಲ ಹೂಂ ಎಂದರು. ಗಾರ್ಡಿನ ವಿಷಯ ಬೇರೆ ಕಾಗದದಲ್ಲಿ ನೋಡೋಣ ಎಂದು ರೇಂಜರಿಗೆ ಹೇಳಿ ಕಾರು ಹತ್ತಿದರು.

ನರ್ಸರಿಯ ಬಾಗಿಲಲ್ಲಿ ಅವಳು ಅವನಿಗಾಗಿ ಕಾದು ನಿಂತಿದ್ದಳು.

"ನಿಮ್ಗೋಸ್ಕರ ಹೇಳ್ಲಿಲ್ಲ ಮೇಡಮ್ಮೋರೆ," ಎಂದ ಬೋರಲಿಂಗಯ್ಯ, ಅವಳು ಬಾಯಿ ತೆರೆಯುವ ಮೊದಲೇ.

"ಗೊತ್ತು," ಎಂದಳು ನೂರ್ಜಹಾನ್.

ಕೈಲಾಂಚಕ್ಕೆ ಜೀಪು ಹೊರಟಾಗ ಮುಂದಿನ ಸೀಟು ಖಾಲಿಯಿತ್ತು. ಅವಳು ಚನ್ನಪಟ್ಟಣದ ಬಸ್ಸು ಹಿಡಿದಿದ್ದಳು. ಕೃಷ್ಣಪ್ಪ ಅವನನ್ನು ಮುಂದೆ ಬಾ ಎನ್ನಲಿಲ್ಲ. ಅವನೂ ಹೋಗಲಿಲ್ಲ.

ಸುಳ್ಳು ದಾಖಲೆಗಾಗಿ ಬೋರಲಿಂಗಯ್ಯನ ಒಂದು ವರ್ಷದ ವೇತನ ಬಡ್ತಿ ತಡೆಹಿಡಿದು ಮೇ ತಿಂಗಳಲ್ಲಿ ಆದೇಶ ಬಂತು. ನೂರ್ಜಹಾನಳ ಕರಾರು ಮುಂದುವರಿಯಿತು. ಜೂನ್‌ನಲ್ಲಿ ವರದಿ ಅಚ್ಚಾಗಿ ರೇಂಜ್ ಆಫೀಸಿಗೆ ಒಂದು ಪ್ರತಿ ಬಂದಾಗ ಅವನು ಯಾರೂ ಇಲ್ಲದ ಹೊತ್ತು ನೋಡಿ ಅದನ್ನು ತೆಗೆದ. ರಟ್ಟಿನ ಮೇಲೆ ಎರಡು ಹೆಸರಿದ್ದವು, ಎರಡನೆಯದು ಅವಳದು. ಇಂಗ್ಲಿಷಿನ ಮೂವತ್ತೆರಡು ಪುಟದಲ್ಲಿ ತನ್ನ ಹೆಸರಿನ ಆಕಾರವನ್ನು ಬೆರಳಿಟ್ಟು ಹುಡುಕಿದ. ಸಿಗಲಿಲ್ಲ. ಗುಮಾಸ್ತನನ್ನು ಕೇಳಿದಾಗ ಹತ್ತೊಂಬತ್ತನೇ ಪುಟದ ಅಡಿಟಿಪ್ಪಣಿ ತೋರಿಸಿದ: ತೋಪಿನ ವಯಸ್ಸನ್ನು ಸ್ಥಳೀಯ ಸಿಬ್ಬಂದಿಯ ಹೇಳಿಕೆಯಂತೆ ತಿದ್ದಲಾಗಿದೆ. ಅವಳ ಹೆಸರು ಎಷ್ಟು ಕಡೆ ಇದೆ ಎಂದೂ ಕೇಳಿದ. ಗುಮಾಸ್ತ ವರದಿ ಮುಚ್ಚಿ ಬೀರುವಿನಲ್ಲಿಟ್ಟ.

ಜುಲೈ ಮೂರನೆಯ ವಾರದಲ್ಲಿ ಸೀಗೆಬೋರೆಯ ಅರವತ್ತು ಎಕರೆಯಲ್ಲಿ ನಾಟಿಯಾಯಿತು. ಐವತ್ತೆಂಟು ಎಕರೆಗೆ ನೀಲಗಿರಿ, ನೂರ್ಜಹಾನ್ ಕೇಳಿದ್ದರಿಂದ ಎರಡು ಎಕರೆಗೆ ಬೊಂಬೆ ಕಡೆಯುವ ಆಲೆ. ಮುಂದಿನ ಬೇಸಗೆಯ ಕೊನೆಗೆ ಬೋರಲಿಂಗಯ್ಯ ಒಬ್ಬನೇ ನಾಲ್ಕು ದಿನ ಸಾಲು ಸಾಲು ನಡೆದು ಸಸಿ ಎಣಿಸಿದ. ಬದುಕುಳಿದದ್ದು ಶೇಕಡ ಎಪ್ಪತ್ತೊಂದು. ದಿನಚರಿಯಲ್ಲಿ ಎಪ್ಪತ್ತೊಂದು ಎಂದೇ ಬರೆದ.